ರಿಂಗ್ ರೋಡಿನ ಆಚೆ ಶಾಲೆ, ಈಚೆ ಶಾಲೆ

ಶಾಲೆಗಳಿಗೆ ಅಂಕ ಹಾಕುವ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. “ಆಂಟಿ, ಇದರಲ್ಲಿ ಓಡಾಟ ತುಂಬಾ ಇರುತ್ತಾ?” ಎಂದು ಕೇಳಿದಳು. ಇರುತ್ತಮ್ಮ. ಆದರೆ ಒಂದು ಕೊಡೆ, ಒಂದು ನೀರಿನ ಬಾಟಲಿ, ಹಿಮ್ಮಡಿ ಕಚ್ಚದ ಚಪ್ಪಲಿ ಇದ್ದರೆ ಓಡಾಟ ಹೇಗೋ ನಡೆದುಹೋಗುತ್ತೆ. ಕಷ್ಟ ಶುರುವಾಗುವುದು ನೆರಳಲ್ಲಿ ಕುಳಿತು, ಪೆನ್ನಿನ ಮುಚ್ಚಳ ತೆಗೆದು, ಈ ಶಾಲೆ ಆ ಶಾಲೆಗಿಂತ ಹೇಗೆ ಎಂದು ಬರೆಯಬೇಕಾದಾಗ. ಅವಳಿಗೆ ಕಾಫಿ ಕೊಟ್ಟು ಕಳಿಸಿದೆ. ಹೇಳಬೇಕಾದ್ದು ಒಂದು ಲೋಟ ಕಾಫಿಗೆ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದ್ದು 2008ರಲ್ಲಿ. ಅಲ್ಲಿಯವರೆಗೆ ವಿದ್ಯಾರಣ್ಯಪುರದ ನಮ್ಮ ಮನೆ, ಅದರ ಮುಂದಿನ ಬಸ್ ಸ್ಟಾಪು, ಇಷ್ಟೇ ನನ್ನ ಜಿಲ್ಲೆ. ಆರ್.ಟಿ. ನಗರದ ಮಹಡಿ ಮನೆಯೊಂದರಲ್ಲಿದ್ದ ಒಂದು ಸಂಸ್ಥೆಗೆ, ಬೆಂಗಳೂರಿನ ಉತ್ತರ ಭಾಗದ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಹೋಲಿಸಿ ವರದಿ ಬರೆಯಲು ಇಂಗ್ಲಿಷ್ ಬಲ್ಲ ಹೆಂಗಸರು ಬೇಕಾಗಿದ್ದರು. ಸಂದರ್ಶನ ಮಾಡಿದ ಪ್ರಭಾಕರ್ ಸರ್ ನನ್ನ ಅರ್ಜಿ ನೋಡಿ, “ಕಾನ್ವೆಂಟಾ?” ಎಂದರು. ಹೌದೆಂದೆ. “ಗೊತ್ತಾಗುತ್ತೆ. ಮಾರ್ಜಿನ್ ಬಿಟ್ಟಿದೀರ.” ಅಲ್ಲಿಗೆ ಸಂದರ್ಶನ ಮುಗಿಯಿತು. ಮಾರ್ಜಿನ್ ಬಿಡುವವರು ಶಾಲೆಗಳ ಬಗ್ಗೆ ತೀರ್ಪು ಕೊಡಬಲ್ಲರು ಎಂದು ಅವರಿಗೆ ಅನ್ನಿಸಿತು. ನನಗೂ ಅನ್ನಿಸಿತು. ನಮ್ಮನೆಯವರು ಮಾತ್ರ, “ಮನೇಲಿ ನಮಗೆಲ್ಲ ಅಂಕ ಹಾಕಿದ್ದು ಸಾಲದು ಅಂತ ಊರಿಗೇ ಹಾಕೋಕೆ ಹೊರಟೆಯಾ?” ಎಂದರು.

ಹೆಬ್ಬಾಳದ ಹತ್ತಿರ ರಿಂಗ್ ರೋಡಿನ ಎರಡು ಬದಿಗೆ ಎರಡು ಶಾಲೆಗಳಿದ್ದವು. ಹೆಸರು ಬೇಡ. ನಮ್ಮ ಆಫೀಸಿನಲ್ಲಿ ಆಚೆ ಶಾಲೆ, ಈಚೆ ಶಾಲೆ ಎಂದೇ ಅನ್ನುತ್ತಿದ್ದೆವು. ಆಚೆ ಶಾಲೆಗೆ ನಂಜುಂಡಸ್ವಾಮಿ ಮೇಷ್ಟ್ರು ಮುಖ್ಯಸ್ಥರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಬಾಗಿಲಲ್ಲೇ “ಬರಬೇಕು ಮೇಡಂ, ಬರಬೇಕು” ಎಂಬ ಸ್ವಾಗತ. ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ಗೋಡೆಯ ಮೇಲೆ ವರ್ಣಮಾಲೆ ಎಲ್ಲೂ ಸುಣ್ಣ ಉದುರದೆ ಹೊಳೆಯುತ್ತಿತ್ತು. ಬಾಲ್ಯದಲ್ಲಿ ಸಿಸ್ಟರ್‌ಗಳ ಮುಂದೆ ಉಗುರು ತೋರಿಸಿ ಬೆಳೆದ ನನಗೆ ಆ ಶಾಲೆ ಮೊದಲ ನೋಟಕ್ಕೇ ಹಿಡಿಸಿತು.

ಈಚೆ ಶಾಲೆ ಅಪಾರ್ಟ್‌ಮೆಂಟು ಕಟ್ಟುವವರ ಶೆಡ್ಡುಗಳ ಬದಿಯಲ್ಲಿತ್ತು. ಅಲ್ಲಿ ಗೌರಮ್ಮ ಮೇಡಂ. ಚಿಕ್ಕಬಾಣಾವರದ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬರುವವರು, ಆ ಎರಡರಲ್ಲಿ ಒಂದು ದಿನಾ ತಡ. ಐದು ತರಗತಿಗೆ ಅವರನ್ನೂ ಸೇರಿಸಿ ಇಬ್ಬರೇ ಟೀಚರು. ಗಂಟಲು ದೊಡ್ಡದು. ನಾವು ಮಕ್ಕಳಿಗೆ ಪರೀಕ್ಷೆ ಕೊಡುವಾಗ ಹೊರಗೆ ನಿಂತಿರಿ ಎಂದರೆ ನಿಲ್ಲುತ್ತಿದ್ದರು, ಆದರೆ ಮನಸ್ಸು ತಡೆಯದೆ ಕಿಟಕಿಯಿಂದ ಉತ್ತರ ಹೇಳಿಬಿಡುತ್ತಿದ್ದರು. ಎಷ್ಟೋ ಸಲ ಅದು ತಪ್ಪು ಉತ್ತರ.

ಮೊದಲ ವರ್ಷ ನಮ್ಮ ಪ್ರಶ್ನಾವಳಿಯಲ್ಲಿ ‘ಶೌಚಾಲಯ ಸ್ವಚ್ಛವಾಗಿದೆಯೇ? ಸೋಪು ಇದೆಯೇ?’ ಎಂಬ ಪ್ರಶ್ನೆ ಇತ್ತು. ಆಚೆ ಶಾಲೆಯಲ್ಲಿ ಮೇಷ್ಟ್ರು ಟೇಬಲ್ಲಿನ ಡ್ರಾಯರಿನಿಂದ ಬೀಗದ ಕೈ ತೆಗೆದು, ತಾವೇ ಬಂದು ಬಾಗಿಲು ತೆರೆದರು. ಕನ್ನಡಿಯಂಥ ನೆಲ, ನಲ್ಲಿಯ ಪಕ್ಕ ಸೋಪು. ಪೂರ್ತಿ ಅಂಕ. ಈಚೆ ಶಾಲೆಯಲ್ಲಿ ನೆಲ ಒದ್ದೆ, ವಾಸನೆ, ಬಕೆಟ್ಟಿನ ಹಿಡಿ ಮುರಿದಿತ್ತು, ಹೊರಗೆ ಹೆಣ್ಣುಮಕ್ಕಳ ಸಾಲು. ಸೊನ್ನೆ.

ಬಸ್ಸಿನಲ್ಲಿ ಬರುವಾಗ ಆಚೆ ಶಾಲೆಯ ಸೋಪು ನೆನಪಾಯಿತು. ಅದರ ಮೇಲಿನ ಅಕ್ಷರಗಳು ಅಂಗಡಿಯಿಂದ ತಂದ ಹಾಗೇ ಇದ್ದವು. ಮನೆ ನಡೆಸುವವಳಿಗೆ ಸೋಪಿನ ಮೇಲಿನ ಅಕ್ಷರ ಎಷ್ಟು ದಿನ ಉಳಿಯುತ್ತೆ ಎಂದು ಯಾರೂ ಕಲಿಸಬೇಕಿಲ್ಲ. ಮರುದಿನ ಪ್ರಭಾಕರ್ ಸರ್‌ಗೆ ಹೇಳಿದೆ: “ಸರ್, ಆ ಶೌಚಾಲಯಾನ ಯಾರೂ ಬಳಸಲ್ಲ. ಬಳಸಿದ್ರೆ ತಾನೇ ಗಲೀಜಾಗೋದು?”

“ಮೇಡಂ, ಸೋಪ್ ಇದೆಯಾ ಅಂತ ಪ್ರಶ್ನೆ. ಇದೆ. ಸವೆದಿದೆಯಾ ಅಂತ ಪ್ರಶ್ನೆ ಇದೆಯಾ?”

“ಇಲ್ಲ ಸರ್.”

“ಮತ್ತೆ?”

ಪ್ರಭಾಕರ್ ಸರ್ ಕೆಟ್ಟವರೇನಲ್ಲ. ಪ್ರಶ್ನೆ ಇಲ್ಲದ ಕಡೆ ಉತ್ತರ ಕಂಡರೆ ಅವರಿಗೆ ಗಾಬರಿಯಾಗುತ್ತಿತ್ತು, ಅಷ್ಟೆ. ಅವರ ನಂಬಿಕೆ ಬಣ್ಣಗಳ ಮೇಲೆ. ಒಳ್ಳೆಯ ಶಾಲೆಗೆ ಹಸಿರು, ಸುಮಾರಿಗೆ ಹಳದಿ, ಉಳಿದದ್ದಕ್ಕೆ ಕೆಂಪು. ಶಾಲೆಗಳನ್ನೆಲ್ಲ ಹೀಗೆ ಗುರುತಿಸಿದ ಅವರ ನಕ್ಷೆಯಲ್ಲಿ ರಿಂಗ್ ರೋಡಿನ ಆಚೆ ಒಂದು ಹಸಿರು ಚುಕ್ಕೆ, ಈಚೆ ಒಂದು ಕೆಂಪು ಚುಕ್ಕೆ. ನೋಡಲು ಸಿಗ್ನಲ್ ದೀಪದ ಹಾಗಿತ್ತು.

ನಾನು ಮಾಡಿದ ದಡ್ಡತನಗಳಲ್ಲಿ ಒಂದನ್ನು ಹೇಳಲೇಬೇಕು. ಚಿಕ್ಕ ಮಕ್ಕಳಿಗೆ ಚಿತ್ರದ ಕಾರ್ಡುಗಳ ಪರೀಕ್ಷೆ. ಒಂದು ಕಾರ್ಡಿನಲ್ಲಿ ಸ್ಟೌ, ಪಾತ್ರೆ, ಸೌಟು, ಮಂಚ. ಅಡಿಗೆಮನೆಗೆ ಸೇರದ್ದು ಯಾವುದು? ಆಚೆ ಶಾಲೆಯ ಮಕ್ಕಳು ತಟ್ಟನೆ ಮಂಚ ತೋರಿಸಿದರು. ಈಚೆ ಶಾಲೆಯಲ್ಲಿ ಶಬಾನಾ ಎಂಬ ಹುಡುಗಿ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, “ಎಲ್ಲಾ ಸರಿ ಇದೆ ಮಿಸ್” ಎಂದಳು.

“ಇಲ್ಲಮ್ಮ, ಒಂದು ತಪ್ಪಿದೆ. ನೋಡು, ನಿಮ್ಮನೇಲಿ ಅಮ್ಮ ಅಡಿಗೆ ಎಲ್ಲಿ ಮಾಡ್ತಾರೆ?”

“ಮಂಚದ ಪಕ್ಕ.”

“ಪಾತ್ರೆ ಎಲ್ಲಿಡ್ತಾರೆ?”

“ಮಂಚದ ಕೆಳಗೆ.” ನನ್ನನ್ನು ಕನಿಕರದಿಂದ ನೋಡಿ ಕೇಳಿದಳು: “ಮಿಸ್, ನಿಮ್ಮನೇಲಿ ಮಂಚ ಇಲ್ವಾ?”

ತಪ್ಪು ಎಂದು ಗುರುತು ಹಾಕಿದೆ. ಉತ್ತರದ ಹಾಳೆಯಲ್ಲಿ ಮಂಚ ಎಂದೇ ಇತ್ತು. ಶೆಡ್ಡಿನಿಂದ ಬಂದ ಮಕ್ಕಳೆಲ್ಲ ಆ ಕಾರ್ಡಿಗೆ ತಪ್ಪುತ್ತಾ ಹೋದರು, ಒಂದೇ ಕೋಣೆಯಲ್ಲಿ ಬದುಕುವುದಕ್ಕೆ ನಾನು ಅಂಕ ಕಳೆಯುತ್ತಾ ಹೋದೆ. ಮುಂದಿನ ವರ್ಷ ಗಲಾಟೆ ಮಾಡಿ ಮಂಚ ತೆಗೆಸಿದೆ. ಅದರ ಜಾಗಕ್ಕೆ ಫ್ರಿಜ್ ಹಾಕಿ, ಅಡಿಗೆಮನೆಗೆ ಸೇರದ್ದಾಗಿ ಸೈಕಲ್ ಇಟ್ಟರು. ಶೆಡ್ಡಿನ ಮಕ್ಕಳು ಫ್ರಿಜ್ ತೋರಿಸಿದರು.

ಆಮೇಲೆ ಕೈಬರಹ ಹೋಯಿತು, ಟ್ಯಾಬ್ ಬಂತು. ನನ್ನ ಮಾರ್ಜಿನ್ನಿಗೆ ಬೆಲೆಯಿಲ್ಲವಾಯಿತು. ಟ್ಯಾಬಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಒತ್ತದಿದ್ದರೆ ಮುಂದಿನದು ತೆರೆಯುತ್ತಿರಲಿಲ್ಲ. ‘ಹೌದು’ ಮತ್ತು ‘ಇಲ್ಲ’ದ ನಡುವೆ ನಾವು ಅಂಚಿನಲ್ಲಿ ಬರೆಯುತ್ತಿದ್ದ ‘ಆದರೆ’ಗೆ ಅಲ್ಲಿ ಜಾಗವಿರಲಿಲ್ಲ. ನಾವು ನಿಜವಾಗಿ ಶಾಲೆಗೇ ಹೋಗಿದ್ದೇವೆಯೇ ಎಂದೂ ಅದು ಆಫೀಸಿಗೆ ತಿಳಿಸುತ್ತಿತ್ತು. ಒಮ್ಮೆ ನಾನು ಈಚೆ ಶಾಲೆಯ ವರಾಂಡದಲ್ಲಿ ಕುಳಿತಿದ್ದಾಗ ಪ್ರಭಾಕರ್ ಸರ್ ಫೋನ್ ಮಾಡಿ, “ಮೇಡಂ, ನೀವು ಹೆಬ್ಬಾಳ ಕೆರೆ ಮಧ್ಯ ತೋರಿಸ್ತಿದೀರ” ಎಂದರು. ಗೌರಮ್ಮ ಮೇಡಂ ಕೇಳಿಸಿಕೊಂಡು, “ಸೀರೆ ಒದ್ದೆ ಮಾಡ್ಕೋಬೇಡಿ ಮೇಡಮ್ಮಾವ್ರೇ” ಎಂದರು.

ಹೀಗೆ ವರ್ಷ ವರ್ಷ ಹಸಿರು ಹಸಿರಾಗಿ, ಕೆಂಪು ಕೆಂಪಾಗಿ ಉಳಿದು, ಕೊನೆಗೆ ಒಂದು ದಿನ ಮೇಲಿನವರು ನಕ್ಷೆಯನ್ನು ನಿಜವಾಗಿಯೂ ನೋಡಿದರು. ಕಳಪೆ ಶಾಲೆಗಳನ್ನು ಹತ್ತಿರದ ಉತ್ತಮ ಶಾಲೆಗಳ ಜೊತೆ ವಿಲೀನ ಮಾಡುವ ಮಾತು ಬಂತು. ಈಚೆ ಶಾಲೆಗೆ ಬೀಗ, ಮಕ್ಕಳೆಲ್ಲ ಆಚೆ ಶಾಲೆಗೆ. ಅದಕ್ಕೆ ಆಧಾರ ನಮ್ಮ ವರದಿ. ಅಂದರೆ ಬಹುಪಾಲು ನನ್ನ ಅಂಕಗಳು.

ಗೌರಮ್ಮ ಮೇಡಂಗೆ ವಿಷಯ ಹೇಳಲು ನಾನೇ ಹೋದೆ. ಅವರು ಬಿಸಿಯೂಟದ ಸಾಂಬಾರಿನ ರುಚಿ ನೋಡುತ್ತಿದ್ದರು.

“ಹಿಂಗೆ ಆಗುತ್ತೆ ಅಂತ ಗೊತ್ತಿತ್ತು ಬಿಡಿ” ಎಂದರು. “ನನಗೇನು, ಇನ್ನೊಂದು ಕಡೆ ಹಾಕ್ತಾರೆ. ಈ ಮಕ್ಕಳ ಕಥೆ ಕೇಳಿ. ಒಂದನೇ ಕ್ಲಾಸಿನೋವು ಆ ರೋಡ್ ದಾಟಲ್ಲ, ಎಲ್ಲಾ ಅಪ್ಪ ಅಮ್ಮಂಗೂ ದಿನಾ ಬಿಡೋಕಾಗಲ್ಲ. ದೊಡ್ಡೋವು ದಾಟ್ತವೆ. ದಾಟಿ ಶಾಲೆಗೆ ಹೋಗಲ್ಲ, ಕೆಲಸಕ್ಕೆ ಹೋಗ್ತವೆ. ಬರ್ಕೊಳಿ ಅದನ್ನ.”

“ಅದಕ್ಕೆ ಟ್ಯಾಬಲ್ಲಿ ಜಾಗ ಇಲ್ಲ ಮೇಡಂ.”

“ಹೌದಾ? ಹಂಗಾದ್ರೆ ಊಟ ಮಾಡ್ಕೊಂಡು ಹೋಗಿ.”

ತಟ್ಟೆ ತೆಗೆದುಕೊಂಡೆ. ಊಟದ ಸಾಲನ್ನೇ ನೋಡುತ್ತಾ ಕುಳಿತೆ. ಜನವರಿಯ ಚಳಿ ಇನ್ನೂ ಇತ್ತು. ಕೆಲವು ಮಕ್ಕಳು ಕೆಂಪು ಸ್ವೆಟರ್ ಹಾಕಿಕೊಂಡಿದ್ದರು. ಬಣ್ಣ ಬಿಡದ, ಒಳ್ಳೆಯ ಉಣ್ಣೆ. ಇಂಥ ಸ್ವೆಟರು ಈ ಶೆಡ್ಡುಗಳಿಗೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ಆಮೇಲೆ ಹೊಳೆಯಿತು. ಯಾವುದೋ ಕಂಪನಿಯವರು ದಸರೆಗೆ ಮುಂಚೆ ಆಚೆ ಶಾಲೆಯ ಮಕ್ಕಳಿಗೆ ಸ್ವೆಟರ್ ಹಂಚಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಿದ್ದರು. ಆ ದಿನ ನಾನೂ ಅಲ್ಲಿದ್ದೆ.

ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. ಲಕ್ಷ್ಮಿ ಎಂದು ಹೆಸರು, ನಾಲ್ಕನೇ ಕ್ಲಾಸು. “ಈ ಸ್ವೆಟರ್ ಯಾರು ಕೊಟ್ಟಿದ್ದು?”

“ಆ ಕಡೆ ಸಾರ್ ಕೊಟ್ಟಿದ್ದು ಮಿಸ್. ನಾನು ಫಸ್ಟು ಅಲ್ಲೇ ಇದ್ದೆ. ದಸರಾ ರಜಾ ಆದ್ಮೇಲೆ ಈ ಶಾಲೆಗೆ ಹೋಗು ಅಂದ್ರು. ಸ್ವೆಟರ್ ವಾಪಸ್ ಕೊಡ್ಬೇಕಾ ಸಾರ್ ಅಂದೆ. ಬೇಡ, ಅದು ನೀನೇ ಇಟ್ಕೋ, ನೀನು ಹೋಗು ಅಂದ್ರು.”

ಗೌರಮ್ಮ ಮೇಡಂ ಸೌಟು ಹಿಡಿದುಕೊಂಡೇ ವಿವರಿಸಿದರು. ಜೂನ್‌ನಲ್ಲಿ ಶೆಡ್ಡಿನ ಕೆಲವರು, ಆ ಕಡೇದು ನಂಬರ್ ಒನ್ ಶಾಲೆ ಎಂದು ಕೇಳಿ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಕ್ಕಳನ್ನು ಅಲ್ಲಿಗೆ ಬಿಡುತ್ತಾರೆ. ಮೇಷ್ಟ್ರು ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ, ಏಕೆಂದರೆ ಮಕ್ಕಳ ತಲೆ ಎಣಿಸಿ ತಾನೆ ಟೀಚರ್ ಹುದ್ದೆ ಕೊಡುವುದು. ಎಣಿಕೆ ಮುಗಿಯುತ್ತದೆ, ದಸರೆ ಬರುತ್ತದೆ, ನಮ್ಮ ಪರೀಕ್ಷೆ ಹತ್ತಿರವಾಗುತ್ತದೆ. ಆಗ ಓದು ಹಿಂದಿರುವ ಮಕ್ಕಳ ತಾಯಂದಿರನ್ನು ಕರೆಸಿ, “ನೋಡಮ್ಮ, ಇಲ್ಲಿ ಮಗೂಗೆ ಕಷ್ಟ. ಆ ಕಡೆ ಮೇಡಂ ತಾಯಿ ಥರ ನೋಡ್ಕೋತಾರೆ” ಎಂದು ಟಿ.ಸಿ. ಕೈಗಿಡುತ್ತಾರೆ.

“ನೀವು ಸುಮ್ಮನೆ ಸೇರಿಸ್ಕೋತೀರಾ?” ಎಂದೆ. “ಪರೀಕ್ಷೆ ಮುಗಿಯೋವರೆಗಾದ್ರೂ ಬೇಡ ಅನ್ನಬಹುದಿತ್ತಲ್ಲ ಮೇಡಂ. ನಿಮ್ಮ ಶಾಲೆ ಉಳೀತಿತ್ತು.”

ಅವರು ಗೇಟಿನ ಕಡೆ ಕೈ ತೋರಿಸಿದರು. “ಅಲ್ಲಿ ಬಂದು ನಿಂತಿರ್ತವೆ, ಬ್ಯಾಗ್ ಹಾಕ್ಕೊಂಡು. ನಿಮ್ಮ ಪರೀಕ್ಷೆ ಯಾವಾಗ ಮುಗಿಯುತ್ತೆ ಅಂತ ನೀವೇ ಹೋಗಿ ಹೇಳಿ ಅವಕ್ಕೆ. ನನಗೆ ಹೇಳೋಕೆ ಬರಲ್ಲ.” ಆಮೇಲೆ ಸೇರಿಸಿದರು: “ಮೇಷ್ಟ್ರು ಒಳ್ಳೇವ್ರು ಕಣ್ರೀ. ಚಳಿಗೆ ಮುಂಚೆ ಸ್ವೆಟರ್ ಹಾಕಿಸಿ ಕಳಿಸ್ತಾರೆ.”

ಹಸಿರು ಚುಕ್ಕೆ ಹಸಿರಾಗಿದ್ದದ್ದು ಕೆಂಪು ಚುಕ್ಕೆಯ ದಯೆಯಿಂದ ಎಂಬುದು ಇಷ್ಟು ವರ್ಷ ಅಂಕ ಹಾಕಿದ ಮೇಲೆ ನನಗೆ ತಿಳಿಯಿತು.

ನಾನು ಪ್ರಭಾಕರ್ ಸರ್ ಹತ್ತಿರ ಹೋಗಿ ಹೋಲಿಸುವ ಕ್ರಮವೇ ಸರಿಯಿಲ್ಲ ಎಂದೆ. ಅಷ್ಟು ಹೇಳಲು ನನಗೆ ಎರಡು ಲೋಟ ನೀರು ಬೇಕಾಯಿತು. ಒಂದು ಮಗು ಶಾಲೆಗೆ ಬಂದ ದಿನ ಏನು ಗೊತ್ತಿತ್ತು, ವರ್ಷದ ಕೊನೆಗೆ ಏನು ಗೊತ್ತಾಯಿತು, ಆ ವ್ಯತ್ಯಾಸವನ್ನು ಶಾಲೆಯ ಲೆಕ್ಕಕ್ಕೆ ಹಾಕಿ ಎಂದೆ.

“ಮೇಡಂ, ನಾವು ಹೋಲಿಸೋದು ಶಾಲೆಗಳನ್ನ, ಮಕ್ಕಳನ್ನಲ್ಲ.”

“ಸರ್, ಒಬ್ಬಳಿಗೆ ಹುಳಿ ಬಂದ ಹಿಟ್ಟು ಕೊಡ್ತೀರ. ಇನ್ನೊಬ್ಬಳಿಗೆ ನೆನೆಸದ ಅಕ್ಕಿ ಕೊಡ್ತೀರ. ಬೆಳಿಗ್ಗೆ ಹೋಗಿ ಇಬ್ಬರ ದೋಸೇನೂ ನೋಡಿ, ಇವಳಿಗೆ ಅಡಿಗೆ ಬರಲ್ಲ ಅಂತೀರ.”

ಅವರು ನಿಜವಾಗಿಯೂ ಯೋಚಿಸಿದರು. “ಚೆನ್ನಾಗಿದೆ ಮೇಡಂ. ಆದ್ರೆ ಇದನ್ನ ಸ್ಲೈಡ್ ಮೇಲೆ ಹೇಗೆ ಹಾಕೋದು?”

ಹೇಗೋ ಹಾಕಿದೆವು. ಎರಡೂ ಶಾಲೆಗಳ, ನಾನು ಸುಮ್ಮನೆ ಇಟ್ಟುಕೊಂಡಿದ್ದ, ಓದಿನ ಪರೀಕ್ಷೆಯ ಹಳೇ ಹಾಳೆಗಳಿದ್ದವು. ಅವನ್ನು ಹೊಸದರ ಜೊತೆ ಇಟ್ಟು ನೋಡಿದರೆ, ಗೌರಮ್ಮ ಮೇಡಂ ಮಕ್ಕಳು ಅಕ್ಷರ ತಿಳಿಯದೆ ಬಂದು ತಡವರಿಸಿ ಓದುವ ಮಟ್ಟಕ್ಕೆ ಬಂದಿದ್ದರು. ಮೇಷ್ಟ್ರ ಮಕ್ಕಳು ಸರಾಗವಾಗಿ ಓದುತ್ತಾ ಬಂದು ಸರಾಗವಾಗಿ ಓದುತ್ತಾ ಉಳಿದಿದ್ದರು. ಈ ಲೆಕ್ಕದಲ್ಲಿ ಈಚೆ ಶಾಲೆ ಮೊದಲು.

ಸಭೆಯಲ್ಲಿ ಅಧಿಕಾರಿಗಳು ಸ್ಲೈಡನ್ನು ಗಮನವಿಟ್ಟು ನೋಡಿದರು. “ತುಂಬಾ ಒಳ್ಳೇ ಕೆಲಸ ಮೇಡಂ. ಆದ್ರೆ ಸಮಾನತೆ ಅಂದ್ರೆ ಏನು? ಎಲ್ಲಾ ಮಕ್ಕಳಿಗೂ ಒಳ್ಳೇ ಶಾಲೆ. ಒಳ್ಳೇ ಶಾಲೆ ರೋಡಿನ ಆಚೆ ಇದೆ ಅಂತ ನೀವೇ ಇಷ್ಟು ವರ್ಷ ಬರೆದಿದೀರ. ಮಕ್ಕಳನ್ನ ಅಲ್ಲಿಗೆ ಕಳಿಸಿದ್ರೆ ಸಮಾನತೆ ಬಂತಲ್ಲ?” ಎಂದು, ನಾನು ಬಾಯಿ ತೆರೆಯುವುದರೊಳಗೆ ಬಿಸ್ಕತ್ ತಟ್ಟೆ ನನ್ನ ಕಡೆ ಸರಿಸಿದರು. ಜೂನ್‌ಗೆ ವಿಲೀನ ಎಂದಾಯಿತು. ಆ ಬಿಸ್ಕತ್ತನ್ನು ಯಾಕೆ ತಿಂದೆನೋ ಗೊತ್ತಿಲ್ಲ.

ಮಾರ್ಚಿನಲ್ಲಿ ಈಚೆ ಶಾಲೆಯ ಮಕ್ಕಳಿಗೆ ಹೊಸ ಶಾಲೆ ತೋರಿಸುವ ಕಾರ್ಯಕ್ರಮ. ಗೌರಮ್ಮ ಮೇಡಂ ಮುಂದೆ, ನಾನು ಹಿಂದೆ, ನಡುವೆ ಮಕ್ಕಳ ಸಾಲು. ಒಬ್ಬರು ಟ್ರಾಫಿಕ್ ಪೊಲೀಸರನ್ನು ಬೇಡಿಕೊಂಡು ಗಾಡಿಗಳನ್ನು ನಿಲ್ಲಿಸಿ ದಾಟಿಸಿದೆವು. ಆಚೆ ಶಾಲೆಯ ಗೇಟಿನಲ್ಲಿ ನಂಜುಂಡಸ್ವಾಮಿ ಮೇಷ್ಟ್ರು ಮಕ್ಕಳಿಗೆ ಕೊಡಲು ಗುಲಾಬಿ ತರಿಸಿಕೊಂಡು ನಿಂತಿದ್ದರು.

ಮೊದಲ ಗುಲಾಬಿ ಕೊಟ್ಟರು. ಎರಡನೆಯದು ಕೊಡುವಾಗ ಕೈ ನಿಧಾನವಾಯಿತು.

“ಸಾರ್, ವಾಪಸ್ ಬಂದ್ವಿ!” ಎಂದಳು ಲಕ್ಷ್ಮಿ.

ಅವಳ ಹಿಂದೆ ಇನ್ನೊಬ್ಬ, “ಸಾರ್, ನಾನೂ!” ಅವನ ಹಿಂದೆ ಮತ್ತೊಬ್ಬಳು, ಅವಳಿಗಿಂತ ಮುಂಚಿನ ವರ್ಷ ಹೋದವನು, ಅವನ ತಮ್ಮ. ಯಾರಿಗೂ ಶಾಲೆ ತೋರಿಸಬೇಕಾಗಲಿಲ್ಲ. ನಲ್ಲಿ ಎಲ್ಲಿದೆ, ಯಾವ ಬೆಂಚು ಅಲ್ಲಾಡುತ್ತೆ, ಎಲ್ಲ ಗೊತ್ತಿದ್ದವರೇ ಉಳಿದವರಿಗೆ ತೋರಿಸಿದರು. “ಬಾತ್ರೂಮ್ ಮಾತ್ರ ಬೀಗ” ಎಂದು ಯಾರೋ ಕೂಗಿ ಹೇಳಿದರು. ಮೇಷ್ಟ್ರು ಕೈಯಲ್ಲಿ ಉಳಿದ ಗುಲಾಬಿಗಳನ್ನು ಹಿಡಿದು ನಿಂತೇ ಇದ್ದರು. ತಾವು ಮೂರು ನಾಲ್ಕು ವರ್ಷದಿಂದ ಕಳಿಸಿದ ಮಕ್ಕಳೆಲ್ಲ ಒಂದೇ ದಿನ ಸಾಲಾಗಿ ಮರಳಿ ಬರುವುದನ್ನು ಅವರು ಯೋಚಿಸಿಯೇ ಇರಲಿಲ್ಲ.

ಮರುದಿನವೇ ಅವರು ಆರ್.ಟಿ. ನಗರದ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು.

“ಮೇಡಂ, ಆ ರೋಡ್ ನೋಡಿದೀರಾ ನೀವು? ಲಾರಿ, ಟ್ಯಾಂಕರ್! ಪುಟ್ಟ ಪುಟ್ಟ ಮಕ್ಕಳು ದಾಟಬೇಕಾ? ನಾಳೆ ಏನಾದ್ರೂ ಆದ್ರೆ ಹೆತ್ತವರಿಗೆ ಏನು ಉತ್ತರ ಕೊಡೋದು?”

“ಹೌದು ಸರ್. ಬಹಳ ಅಪಾಯ.”

“ಅಲ್ಲದೆ ಗೌರಮ್ಮ ಮೇಡಂ ಥರ ಪ್ರೀತಿ ನಮ್ಮಲ್ಲಿ ಎಲ್ಲಿ ಸಿಗಬೇಕು?” ದನಿ ತಗ್ಗಿಸಿದರು. “ನೀವು ಅದೇನೋ ಬೇರೆ ಲೆಕ್ಕ ಮಾಡಿದ್ರಂತಲ್ಲ, ಮೊದಲು ಎಷ್ಟು, ಆಮೇಲೆ ಎಷ್ಟು ಅಂತ? ಅದರಲ್ಲಿ ಆ ಶಾಲೆ ಫಸ್ಟಂತೆ. ಅದನ್ನ ನನಗೆ ಕೊಡಿ ಮೇಡಂ. ನಾನೇ ಸಾಹೇಬರ ಮುಂದೆ ಇಡ್ತೀನಿ.”

ಕೊಟ್ಟೆ. ನಾನು ಇಟ್ಟಾಗ ಬಿಸ್ಕತ್ ಸಿಕ್ಕಿದ ಸ್ಲೈಡಿಗೆ, ಜಿಲ್ಲೆಯ ನಂಬರ್ ಒನ್ ಶಾಲೆಯ ಮುಖ್ಯಸ್ಥರು ಇಟ್ಟಾಗ ಒಪ್ಪಿಗೆ ಸಿಕ್ಕಿತು. ತಮ್ಮ ಶಾಲೆಗೆ ಬರುವ ಮಕ್ಕಳನ್ನೇ ಬೇಡವೆಂದು ಎದುರಿನ ಶಾಲೆಯ ಪರ ವಾದಿಸುವ ತ್ಯಾಗ ಅಪರೂಪ ಎಂದು ಅಧಿಕಾರಿಗಳು ಹೊಗಳಿದರಂತೆ. ಎರಡೂ ಶಾಲೆಯ ಮುಖ್ಯಸ್ಥರ ಸಹಿ ಇರುವ ಒಂದು ಮನವಿ ಕೊಡಿ, ವಿಲೀನ ಕೈಬಿಡೋಣ ಎಂದರು.

ಮನವಿ ಹಿಡಿದು ಮೇಷ್ಟ್ರು ಈಚೆ ಶಾಲೆಗೆ ಬಂದಾಗ ನಾನು ಅಲ್ಲೇ ಇದ್ದೆ. ಗೌರಮ್ಮ ಮೇಡಂ ಅದನ್ನು ಓದಿದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ಮೇಷ್ಟ್ರೇ, ನಮ್ಮ ಮಕ್ಕಳ ತಲೆ ಎಣಿಸಿ ನಿಮಗೆ ಒಬ್ಬರು ಟೀಚರ್ ಜಾಸ್ತಿ ಸಿಕ್ಕಿದಾರಲ್ಲ. ತಲೆಗಳು ಇಲ್ಲಿವೆ, ಟೀಚರ್ ಅಲ್ಲಿದಾರೆ. ಅವರನ್ನ ಈ ಕಡೆ ಡೆಪ್ಯುಟೇಶನ್ ಹಾಕಿಸಿ. ಸೈನ್ ಮಾಡ್ತೀನಿ.”

“ಏನ್ ಮೇಡಂ, ನಿಮ್ಮ ಶಾಲೆ ಉಳಿಸೋಕೆ ನಾನು ಓಡಾಡಿದ್ರೆ...”

“ಬೇಡ ಅಂದ್ರೆ ಬೇಡ. ಜೂನ್ ಒಂದಕ್ಕೆ ಎಲ್ಲಾ ಮಕ್ಕಳನ್ನ ಕರ್ಕೊಂಡು ಬಂದುಬಿಡ್ತೀನಿ. ಗುಲಾಬಿ ತರಿಸಿಡಿ.”

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಟ್ಯಾಬ್ ನೋಡುತ್ತಾ ಕುಳಿತೆ. ಅದು ನನ್ನನ್ನು ಎಲ್ಲಿ ತೋರಿಸುತ್ತಿತ್ತೋ ಏನೋ. ಮೇಷ್ಟ್ರು ಒಪ್ಪಿದರು.

ಜೂನ್ ಬಂತು, ಈಚೆ ಶಾಲೆಯ ಬಾಗಿಲು ತೆರೆಯಿತು. ಮೂರನೇ ದಿನವೋ ನಾಲ್ಕನೇ ದಿನವೋ ಒಬ್ಬ ಹುಡುಗಿ ಟೀಚರ್ ಆದೇಶದ ಪ್ರತಿ ಹಿಡಿದು, ರಿಂಗ್ ರೋಡಿನ ಧೂಳು ಒರೆಸಿಕೊಳ್ಳುತ್ತಾ ಗೇಟಿನಲ್ಲಿ ನಿಂತಳು. ಸ್ಟಾಫ್ ಮೀಟಿಂಗಿನಲ್ಲಿ ತುಂಬಾ ಪ್ರಶ್ನೆ ಕೇಳುತ್ತಾಳೆ ಎಂದು ಮೇಷ್ಟ್ರು ಅವಳನ್ನೇ ಆರಿಸಿ ಕಳಿಸಿದ್ದರೆಂದು ಆಮೇಲೆ ತಿಳಿಯಿತು. ಕಣ್ಣು ಕೆಂಪಾಗಿತ್ತು, ಬರುವಾಗ ಅತ್ತಿರಬೇಕು.

“ನಾನೇನು ತಪ್ಪು ಮಾಡ್ದೆ ಅಂತ ನನ್ನನ್ನ ಇಲ್ಲಿಗೆ ಕಳಿಸಿದ್ರೋ ಗೊತ್ತಿಲ್ಲ ಮೇಡಂ” ಎಂದಳು.

“ಇಲ್ಲಿಗೆ ಬಂದೋರು ಯಾರಿಗೂ ಗೊತ್ತಿಲ್ಲ ಕಣಮ್ಮ” ಎಂದರು ಗೌರಮ್ಮ ಮೇಡಂ, ಅವಳ ಕೈಗೆ ಸೀಮೆಸುಣ್ಣದ ಡಬ್ಬಿ ಕೊಡುತ್ತಾ. “ಮೂರನೇ ಕ್ಲಾಸು ಆ ಕಡೆ.”